ಕುಟುಂಬದ ಹವ್ಯಾಸಕ್ಕೆ ಆರ್‌ಸಿ (ರಿಮೋಟ್ ಕಂಟ್ರೋಲ್) ಕಾರು: ನೈಟ್ರೋ ತೆಗೆದುಕೊಳ್ಳುವುದೋ, ಎಲೆಕ್ಟ್ರಿಕ್ ತೆಗೆದುಕೊಳ್ಳುವುದೋ?

ಬಿಜೈ ನಿವಾಸಿ

ಎಲ್ಲರಿಗೂ ನಮಸ್ಕಾರ. ನಾವು ಮಂಗಳೂರಿನ ಬಿಜೈಯಲ್ಲಿ ಅಪಾರ್ಟ್‌ಮೆಂಟ್ ಒಂದರ ನಾಲ್ಕನೆಯ ಮಹಡಿಯಲ್ಲಿದ್ದೇವೆ. ಮನೆಯಲ್ಲಿ ನಾನು, ಪತ್ನಿ, ಏಳನೆಯ ತರಗತಿಯ ಮಗಳು, ಎರಡನೆಯ ತರಗತಿಯ ಮಗ. ಕಾರ್ಕಳದ ಬಳಿ ಹಿರಿಯರ ಮನೆಯಿದೆ. ಅಲ್ಲಿ ಅಂಗಳವೂ ಗದ್ದೆಯೂ ಇರುವುದರಿಂದ ರಜೆ ಸಿಕ್ಕಿದಾಗಲೆಲ್ಲ ಹೋಗಿ ಬರುತ್ತೇವೆ. ಆಟಿಕೆ ಅಂಗಡಿಯಲ್ಲಿ ಸಿಗುವ ರಿಮೋಟ್ ಕಾರುಗಳು ಒಂದು ಗೇರ್ ಸವೆದರೆ ಅಲ್ಲಿಗೆ ಮುಗಿಯಿತು. ಆದ್ದರಿಂದ ಬಿಡಿಭಾಗ ದೊರೆಯುವ, ಬಿಚ್ಚಿ ಜೋಡಿಸಲು ಬರುವ, ಹವ್ಯಾಸಿಗಳು ಬಳಸುವ ದರ್ಜೆಯ ಕಾರನ್ನೇ ಕೊಳ್ಳಬೇಕೆಂದು ನಿಶ್ಚಯಿಸಿದ್ದೇವೆ.

ನನಗೆ ಆರ್‌ಎಕ್ಸ್ 100 ಬೈಕಿನ ಕಾಲದಿಂದಲೂ ಟೂ ಸ್ಟ್ರೋಕ್ ಶಬ್ದದ ಮೇಲೆ ಮೋಹ. ಹಾಗಾಗಿ ಮನಸ್ಸು ಪುಟ್ಟ ಎಂಜಿನ್ ಇರುವ ನೈಟ್ರೋ ಕಾರಿನ ಕಡೆಗೆ ವಾಲುತ್ತಿದೆ. ಪತ್ನಿಗೆ ಎಲೆಕ್ಟ್ರಿಕ್ ಸಾಕೆಂದು ತೋರುತ್ತದೆ. ಮಗಳ ಬೇಡಿಕೆ ಒಂದೇ: ಕೆಲಸವೆಲ್ಲ ತಾನೇ ಮಾಡಬೇಕು, ಅಪ್ಪ ಮಾಡಿ ತೋರಿಸುವುದಲ್ಲ. ಯಾವುದು ಎಷ್ಟು ವೇಗವಾಗಿ ಓಡುತ್ತದೆ ಎಂಬ ವಿಡಿಯೋಗಳು ಬೇಕಾದಷ್ಟಿವೆ. ನಮ್ಮ ಕರಾವಳಿಯ ಹವೆ, ಇಲ್ಲಿ ಸಿಗುವ ಜಾಗ, ಇಂಧನ ಸಿಗುವ ಬಗೆ, ಮಕ್ಕಳ ಕೈಗೆ ಕೊಡಬಹುದೇ ಬೇಡವೇ ಎಂಬ ವಿಚಾರಗಳನ್ನು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಮಣಿಪಾಲ ಗ್ಯಾರೇಜ್

ಸರ್, ನೈಟ್ರೋ ಎಂಜಿನ್ ಹೇಗೆ ಕೆಲಸ ಮಾಡುತ್ತದೆ ಎಂಬುದು ತಿಳಿದರೆ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ತಾನಾಗಿ ಸಿಗುತ್ತದೆ. ಅದೂ ಆರ್‌ಎಕ್ಸ್ 100ರ ಹಾಗೆ ಟೂ ಸ್ಟ್ರೋಕ್ ಎಂಜಿನ್ನೇ. ಆದರೆ ಅದಕ್ಕೆ ಸ್ಪಾರ್ಕ್ ಪ್ಲಗ್ ಇಲ್ಲ, ಪೆಟ್ರೋಲೂ ಇಲ್ಲ. ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆಯ ಮಿಶ್ರಣವೇ ಅದರ ಇಂಧನ. ಕಾರುಗಳಿಗೆಂದು ಮಾರುವ ಬಾಟಲಿಗಳಲ್ಲಿ ನೈಟ್ರೋಮೀಥೇನ್ ಸಾಮಾನ್ಯವಾಗಿ ಶೇ 10ರಿಂದ 30ರವರೆಗೆ ಇರುತ್ತದೆ. ಚಾಲೂ ಮಾಡುವಾಗ, ಸ್ಪಾರ್ಕ್ ಪ್ಲಗ್ ಬದಲು ಇರುವ ಗ್ಲೋ ಪ್ಲಗ್‌ನೊಳಗಿನ ಪ್ಲಾಟಿನಂ ಸುರುಳಿಯನ್ನು ಸುಮಾರು 1.5 ವೋಲ್ಟಿನ ಇಗ್ನೈಟರ್‌ನಿಂದ ಕೆಂಪಗೆ ಕಾಯಿಸುತ್ತೇವೆ. ಎಂಜಿನ್ ಹಿಡಿದ ಮೇಲೆ ಇಗ್ನೈಟರ್ ತೆಗೆದರೂ ಸುರುಳಿ ಆರುವುದಿಲ್ಲ; ಮೆಥನಾಲ್ ಆವಿ ಪ್ಲಾಟಿನಂಗೆ ತಗುಲಿದಾಗ ನಡೆಯುವ ರಾಸಾಯನಿಕ ಕ್ರಿಯೆ ಮತ್ತು ಪ್ರತಿ ಸುತ್ತಿನ ದಹನದ ಶಾಖ ಎರಡೂ ಸೇರಿ ಅದನ್ನು ಕಾದೇ ಇರಿಸುತ್ತವೆ. ಹೊತ್ತಿಕೊಳ್ಳುವ ಕ್ಷಣವನ್ನು ನಿರ್ಧರಿಸುವ ಬೇರೆ ಸಾಧನವೇ ಇಲ್ಲವಾದ್ದರಿಂದ ಇಂಧನ ಮತ್ತು ಗಾಳಿಯ ಪ್ರಮಾಣವೇ ಎಲ್ಲ. ಅದನ್ನು ಹದಗೊಳಿಸುವುದು ಕಾರ್ಬುರೇಟರ್‌ನ ಎರಡು ನೀಡಲ್‌ಗಳು, ಒಂದು ಹೆಚ್ಚು ವೇಗಕ್ಕೆ, ಇನ್ನೊಂದು ಕಡಿಮೆ ವೇಗಕ್ಕೆ.

ಈ ಹದ ಒಮ್ಮೆ ಕೂಡಿಸಿಟ್ಟರೆ ವರ್ಷವಿಡೀ ಹಾಗೆಯೇ ನಿಲ್ಲುವಂಥದ್ದಲ್ಲ. ಡಿಸೆಂಬರ್ ಬೆಳಗಿನ ತಂಪಿನಲ್ಲಿ ಸರಿಯಾಗಿ ಓಡಿದ ಎಂಜಿನ್ ಏಪ್ರಿಲ್ ಮಧ್ಯಾಹ್ನದ ಸೆಖೆಯಲ್ಲಿ ಕೆಮ್ಮುತ್ತದೆ. ಕಡಿಮೆ ವೇಗದ ನೀಡಲ್ ಸರಿಯಿದೆಯೇ ಎಂದು ನೋಡಲು ನಾವು ಮಾಡುವುದು ಇಷ್ಟು: ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕಾರನ್ನು ಸ್ಟ್ಯಾಂಡಿನ ಮೇಲಿಟ್ಟು, ಐಡ್ಲಿಂಗ್‌ನಲ್ಲಿ ಬಿಟ್ಟು, ಕಾರ್ಬುರೇಟರ್‌ಗೆ ಹೋಗುವ ಸಿಲಿಕಾನ್ ಕೊಳವೆಯನ್ನು ಎರಡು ಬೆರಳಿನಲ್ಲಿ ಒತ್ತಿ ಹಿಡಿಯಬೇಕು. ಎರಡು ಮೂರು ಸೆಕೆಂಡು ಅದೇ ದನಿಯಲ್ಲಿ ಓಡಿ, ಕೊನೆಗೆ ಸ್ವಲ್ಪ ಏರಿ, ನಿಂತರೆ ಹದ ಸರಿಯಿದೆ. ಒತ್ತಿದ ಕೂಡಲೇ ನಿಂತರೆ ಇಂಧನ ಸಾಲದು. ಬಹಳ ಹೊತ್ತು ಓಡುತ್ತಾ ದನಿ ಮೇಲೇರುತ್ತಾ ಹೋದರೆ ಇಂಧನ ಅತಿಯಾಗಿದೆ. ಸಿಲಿಂಡರ್ ಹೆಡ್‌ನ ಬಿಸಿಯನ್ನು ಇನ್ಫ್ರಾರೆಡ್ ಥರ್ಮಾಮೀಟರ್‌ನಿಂದ ಅಳೆಯುತ್ತೇವೆ. ಹೆಚ್ಚಿನ ಎಂಜಿನ್‌ಗಳಿಗೆ ಸುಮಾರು 95ರಿಂದ 125 ಡಿಗ್ರಿ ಸೆಲ್ಸಿಯಸ್ ಒಳ್ಳೆಯದು. ಥರ್ಮಾಮೀಟರ್ ಇಲ್ಲದವರು ಹೆಡ್ ಮೇಲೆ ಒಂದು ಹನಿ ನೀರು ಬಿಟ್ಟು, ಅದು ಚುರ್ ಎಂದು ಆರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುತ್ತಾರೆ.

ಇಷ್ಟೆಲ್ಲ ಓದಿ ನಿಮಗೆ ಕೈ ತುರಿಸಿದರೆ ನೈಟ್ರೋ ನಿಮ್ಮದು. ಆದರೆ ನಿಮ್ಮ ಮಗಳು ಕೇಳಿದ್ದನ್ನು ಮರೆಯಬೇಡಿ. 120 ಡಿಗ್ರಿಯ ಹೆಡ್ ಪಕ್ಕದಲ್ಲಿ ಬೆರಳಿಡುವ ಕೆಲಸವನ್ನು ಏಳನೆಯ ತರಗತಿಯ ಮಗುವಿಗೆ ಮೊದಲ ವರ್ಷ ನಾನಂತೂ ಕೊಡಲಾರೆ.

ಸುರತ್ಕಲ್ ಅಕ್ಕ

ಮಣಿಪಾಲದ ಅಣ್ಣ ಕೊನೆಯಲ್ಲಿ ಹೇಳಿದ ಮಾತನ್ನೇ ಹಿಡಿದು ಮುಂದುವರಿಸುತ್ತೇನೆ. ಕುಟುಂಬದ ಹವ್ಯಾಸ ಎನ್ನುವಾಗ ಮನೆಯವರೆಲ್ಲ ಸುತ್ತ ನಿಂತು ನೋಡುವುದು ಎಂದರ್ಥವಲ್ಲ, ಪ್ರತಿಯೊಬ್ಬರ ಕೈಗೂ ಏನಾದರೊಂದು ಕೆಲಸ ಬರಬೇಕು. ನಮ್ಮ ಮನೆಯಲ್ಲಿ ಇರುವುದು ಎರಡು ಎಲೆಕ್ಟ್ರಿಕ್ ಕಾರುಗಳು. ಸಂಜೆ ಬಂದ ಮೇಲೆ ಮಗ ಚಕ್ರ ಬಿಚ್ಚಿ ಆಕ್ಸಲ್‌ಗೆ ಸುತ್ತಿಕೊಂಡ ಕೂದಲು, ನಾರು ತೆಗೆಯುತ್ತಾನೆ. ಅವನ ತಂಗಿ ಬಣ್ಣದ ಕುಂಚದಿಂದ ಧೂಳು ಒರೆಸುತ್ತಾಳೆ. ಬ್ಯಾಟರಿಯ ಜವಾಬ್ದಾರಿ ನನ್ನದು. ಯಜಮಾನರು ಬಿಡಿಭಾಗ ಹುಡುಕುವುದರಲ್ಲಿ ನಿಸ್ಸೀಮರು, ಓಡಿಸುವುದರಲ್ಲಿ ಅಷ್ಟಕ್ಕಷ್ಟೆ. ಸಸ್ಪೆನ್ಷನ್ ಆರ್ಮ್ ಮುರಿದಾಗ ಹೊಸದು ಹಾಕಲು ಬೇಕಾದದ್ದು 2 ಮಿಲಿಮೀಟರ್ ಹೆಕ್ಸ್ ಡ್ರೈವರ್ ಮತ್ತು ಸ್ವಲ್ಪ ತಾಳ್ಮೆ. ಅದನ್ನು ಮಕ್ಕಳೇ ಮಾಡುತ್ತಾರೆ.

ಇನ್ನೊಂದು ಸಂಗತಿಯನ್ನು ಯಾರೂ ಹೇಳುವುದಿಲ್ಲ. ಹೆಚ್ಚಿನ ನೈಟ್ರೋ ಕಾರುಗಳಿಗೆ ರಿವರ್ಸ್ ಇಲ್ಲ. ಪೊದೆಗೆ ಮೂಗು ತಾಗಿಸಿ ನಿಂತಿತೆಂದರೆ ನಡೆದು ಹೋಗಿ ಎತ್ತಿ ತಿರುಗಿಸಬೇಕು, ಅಷ್ಟರಲ್ಲಿ ಎಂಜಿನ್ ನಿಂತಿದ್ದರೆ ಮತ್ತೆ ಇಗ್ನೈಟರ್, ಮತ್ತೆ ಪುಲ್ ಸ್ಟಾರ್ಟ್. ಎರಡನೆಯ ತರಗತಿಯ ಹುಡುಗ ಗಂಟೆಗೆ ಎಷ್ಟು ಸಲ ಪೊದೆಗೆ ನುಗ್ಗಿಸುತ್ತಾನೆ ಎಂಬುದನ್ನು ತಾವೇ ಊಹಿಸಿಕೊಳ್ಳಿ.

ಕುಂದಾಪ್ರ ಹುಡುಗ

ನನ್ನದೊಂದು ಸಣ್ಣ ಸಂಶಯ. ನೈಟ್ರೋ ಇಂಧನ ನಮ್ಮ ಊರಿನಲ್ಲಿ ಸಿಗುವುದಿಲ್ಲ. ಪೆಟ್ರೋಲಿಗೆ ಟೂ ಸ್ಟ್ರೋಕ್ ಆಯಿಲ್ ಬೆರೆಸಿ ಹಾಕಿದರೆ ನಡೆಯುವುದಿಲ್ಲವೇ? ಎರಡೂ ಟೂ ಸ್ಟ್ರೋಕ್ ಅಲ್ಲವೇ?

ಮಣಿಪಾಲ ಗ್ಯಾರೇಜ್

ನಡೆಯುವುದಿಲ್ಲ ತಮ್ಮಾ, ಪ್ರಯತ್ನವನ್ನೂ ಮಾಡಬೇಡ. ಪ್ಲಾಟಿನಂ ಸುರುಳಿಯನ್ನು ಕಾದಿರಿಸುವ ಕ್ರಿಯೆ ಮೆಥನಾಲ್‌ನದ್ದು; ಪೆಟ್ರೋಲಿನಲ್ಲಿ ಅದು ಆ ರೀತಿ ನಡೆಯುವುದಿಲ್ಲ, ಇಗ್ನೈಟರ್ ತೆಗೆದರೆ ಎಂಜಿನ್ ನಿಲ್ಲುತ್ತದೆ. ಅಲ್ಲದೆ ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು, ಮೆಥನಾಲಿಗೆ ಸುಮಾರು 6.4 ಗ್ರಾಂ ಸಾಕು. ಎಂದರೆ ಈ ಕಾರ್ಬುರೇಟರ್‌ಗಳು ಮೂಲದಲ್ಲೇ ಎರಡರಷ್ಟು ಇಂಧನ ಹರಿಸುವಂತೆ ಮಾಡಿದವು. ಸ್ಪಾರ್ಕ್ ಪ್ಲಗ್ ಇರುವ ಪೆಟ್ರೋಲ್ ಆರ್‌ಸಿ ಕಾರುಗಳೇ ಬೇರೆ. ಅವು ಹೆಚ್ಚಾಗಿ ನಿಜವಾದ ಕಾರಿನ ಐದನೆಯ ಒಂದು ಅಳತೆಯವು, 23 ಸಿಸಿಯಿಂದ ಮೇಲಿನ ಎಂಜಿನ್, ಹತ್ತು ಕಿಲೋ ದಾಟುವ ತೂಕ. ಮಕ್ಕಳಿರುವ ಮನೆಯ ಚರ್ಚೆಗೆ ಅದನ್ನು ತರುವುದೇ ಬೇಡ.

ಮಲ್ಪೆ ಕಡಲು

ಬೀಚಿನ ವಿಷಯ ಯಾರೂ ಎತ್ತಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಮಲ್ಪೆ, ಕಾಪು, ಪಣಂಬೂರು, ತಣ್ಣೀರುಬಾವಿ ಎಂದು ನಮ್ಮಲ್ಲಿ ವಿಶಾಲವಾದ ಹೊಯಿಗೆ ಇರುವುದರಿಂದ ಹೊಸಬರೆಲ್ಲ ಮೊದಲು ಅಲ್ಲಿಗೇ ಓಡುತ್ತಾರೆ. ಅಲೆ ಹಿಂದೆ ಸರಿದ ಮೇಲೆ ಗಟ್ಟಿಯಾಗಿ ಕೂತ ಒದ್ದೆ ಹೊಯಿಗೆಯ ಮೇಲೆ ಓಡಿಸುವ ಸುಖವೇ ಬೇರೆ ಎಂಬುದನ್ನು ಒಪ್ಪುತ್ತೇನೆ. ಆದರೆ ಉಪ್ಪು ಎರಡು ಜಾತಿಯ ಕಾರನ್ನೂ ತಿನ್ನುತ್ತದೆ. ಎಲೆಕ್ಟ್ರಿಕ್ ಕಾರಿಗೆ ವಾಟರ್‌ಪ್ರೂಫ್ ಎಂದು ಬರೆದಿದ್ದರೆ ಅದು ರಿಸೀವರ್ ಪೆಟ್ಟಿಗೆ, ಸ್ಟಿಯರಿಂಗ್ ತಿರುಗಿಸುವ ಸರ್ವೋ, ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿ ಇವುಗಳಿಗೆ ಸಂಬಂಧಿಸಿದ್ದು. ಬೇರಿಂಗ್ ತುಕ್ಕು ಹಿಡಿಯುವುದಿಲ್ಲ ಎಂದು ಯಾವ ಕಂಪನಿಯೂ ಬರೆದುಕೊಡುವುದಿಲ್ಲ. ಬ್ರಷ್ ಇರುವ ಮೋಟಾರಿನ ಡಬ್ಬಿಯಲ್ಲಿ ಗಾಳಿಗೆಂದು ಬಿಟ್ಟ ಕಿಂಡಿಗಳಿಂದ ಹೊಯಿಗೆಯ ಕಪ್ಪು ಕಣಗಳು ಒಳಗೆ ಹೋದರೆ, ಕಬ್ಬಿಣದ ಅಂಶವಿದ್ದವು ಕಾಂತಕ್ಕೆ ಅಂಟಿ ಕೂರುತ್ತವೆ. ನೈಟ್ರೋ ಕಾರಿನಲ್ಲಿ ಹೊಯಿಗೆ ಏರ್ ಫಿಲ್ಟರ್ ದಾಟಿ ಒಳಗೆ ಹೋದರಂತೂ ಪಿಸ್ಟನ್ ಮತ್ತು ಅದು ಚಲಿಸುವ ಸ್ಲೀವ್ ಎರಡೂ ಹೋದ ಹಾಗೆಯೇ.

ಬೀಚಿಗೆ ಹೋಗಲೇಬೇಕೆಂದಿದ್ದರೆ ಬೆಳಿಗ್ಗೆ ಜನ ಸೇರುವ ಮೊದಲು ಹೋಗಿ, ನೀರಿನ ಅಂಚಿನಿಂದ ದೂರವಿರಿ, ಮನೆಗೆ ಬಂದ ಕೂಡಲೇ ಎಲೆಕ್ಟ್ರಿಕ್ ಕಾರಾದರೆ ಬ್ಯಾಟರಿ ತೆಗೆದು ಸಿಹಿ ನೀರಿನಲ್ಲಿ ತೊಳೆದು, ಒಣಗಿಸಿ, ಪ್ರತಿ ಬೇರಿಂಗ್‌ಗೆ ಒಂದು ಹನಿ ಎಣ್ಣೆ ಬಿಡಿ. ಮರುದಿನ ಮಾಡೋಣ ಎಂದು ಬಿಟ್ಟರೆ ಚಕ್ರ ತಿರುಗಿಸುವಾಗಲೇ ಕರಕರ ಕೇಳಿಸುತ್ತದೆ.

ಪುತ್ತೂರು ತೋಟ

ಇಲ್ಲಿಯವರೆಗೆ ಬರೆದವರೆಲ್ಲ ನೈಟ್ರೋವನ್ನು ಅಪಾಯದ ವಸ್ತುವೆಂಬಂತೆ ವರ್ಣಿಸಿದ್ದೀರಿ. ನಾನು ಅದರ ಪಕ್ಷ ವಹಿಸಿ ಎರಡು ಮಾತು ಹೇಳಲೇಬೇಕು. ನಮ್ಮ ಅಡಿಕೆ ಅಂಗಳದಲ್ಲಿ, ಅಡಿಕೆ ಹರಡದ ತಿಂಗಳುಗಳಲ್ಲಿ, ನಾನು ಮತ್ತು ಪಿಯುಸಿ ಓದುವ ಮಗ ಓಡಿಸುವುದು ನೈಟ್ರೋ ಬಗ್ಗಿ. ಎಂಟನೆಯ ಒಂದು ಅಳತೆ, 3.5 ಸಿಸಿ ಎಂಜಿನ್, 125 ಮಿಲಿಲೀಟರ್ ಟ್ಯಾಂಕ್. ಹಳೆಯ ಕಾಲದ ಗೀಳೆಂದು ಇದನ್ನು ತಳ್ಳಿಹಾಕುವಂತಿಲ್ಲ. ಎಂಟನೆಯ ಒಂದು ಆಫ್‌ರೋಡ್ ವಿಶ್ವ ಚಾಂಪಿಯನ್‌ಷಿಪ್ 1986ರಿಂದ ನಡೆದುಕೊಂಡು ಬಂದಿದೆ, ಅದರ ನೈಟ್ರೋ ಬಗ್ಗಿ ಫೈನಲ್ ಒಂದು ಗಂಟೆಯ ಓಟ, ನಡುವೆ ಪಿಟ್‌ಗೆ ಬಂದು ಇಂಧನ ತುಂಬಿಸಿಕೊಳ್ಳಬೇಕು. ಅಲ್ಲಿ ಓಡಿಸುವವನಷ್ಟೇ ಮುಖ್ಯ ಪಿಟ್‌ನಲ್ಲಿ ನಿಂತವನು. ಅಪ್ಪ ಮಗ ಸೇರಿ ಮಾಡುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಎಂಜಿನ್ ಎಂದರೇನು ಎಂದು ಪುಸ್ತಕದಲ್ಲಿ ಓದುವುದಕ್ಕೂ ಹೊಸ ಎಂಜಿನ್‌ನ ಫ್ಲೈವೀಲನ್ನು ಕೈಯಲ್ಲಿ ತಿರುಗಿಸುವಾಗ ಪಿಸ್ಟನ್ ತುದಿಗೆ ಬಂದು ಬಿಗಿಯಾಗಿ ನಿಲ್ಲುವುದನ್ನು ಅನುಭವಿಸುವುದಕ್ಕೂ ಅಜಗಜಾಂತರ. ಆ ಸ್ಲೀವ್ ಮೇಲ್ಭಾಗದಲ್ಲಿ ಕೂದಲೆಳೆಯಷ್ಟು ಕಿರಿದಾಗಿರುತ್ತದೆ. ಬಿಸಿಯಾದಾಗ ಹಿಗ್ಗಿ ಪಿಸ್ಟನ್‌ಗೆ ಸರಿಹೊಂದಲಿ ಎಂದು ಹಾಗೆ ಮಾಡಿರುತ್ತಾರೆ, ಪಿಸ್ಟನ್ ರಿಂಗ್ ಇರುವುದಿಲ್ಲ. ಆದ್ದರಿಂದ ಮೊದಲ ಕೆಲವು ಟ್ಯಾಂಕ್‌ಗಳನ್ನು ಇಂಧನ ಹೆಚ್ಚಿಟ್ಟು, ಬಿಸಿ ಮಾಡಿ, ಆರಿಸಿ, ಮತ್ತೆ ಬಿಸಿ ಮಾಡಿ ಬ್ರೇಕ್-ಇನ್ ಮಾಡಬೇಕು. ನನ್ನ ಮಗ ಇದನ್ನೆಲ್ಲ ಮಾಡಿದ ಮೇಲೆ ತೋಟದ ಪಂಪ್‌ಸೆಟ್ಟು, ಹುಲ್ಲು ಕತ್ತರಿಸುವ ಯಂತ್ರ ಯಾವುದನ್ನೂ ಮೆಕ್ಯಾನಿಕ್‌ನ ಬಳಿ ಒಯ್ಯಲು ಬಿಡುವುದಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ನಾನೇ ಹೇಳಿಬಿಡುತ್ತೇನೆ, ಯಾಕೆಂದರೆ ಇದು ನಮ್ಮ ಊರಿಗೇ ಸಂಬಂಧಿಸಿದ್ದು. ಮೆಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಬಾಟಲಿಯ ಮುಚ್ಚಳ ಸಡಿಲವಿದ್ದರೆ ಜೂನ್‌ನಲ್ಲಿ ಇಟ್ಟ ಇಂಧನ ಅಕ್ಟೋಬರ್‌ನಲ್ಲಿ ಕೆಲಸಕ್ಕೆ ಬಾರದು. ಮಳೆ ಶುರುವಾಗುವ ಮೊದಲು ಟ್ಯಾಂಕ್ ಖಾಲಿ ಮಾಡಿ, ಕೊಳವೆಯಲ್ಲಿ ಉಳಿದದ್ದು ಮುಗಿಯುವವರೆಗೆ ಎಂಜಿನ್ ಓಡಿಸಿ, ಗ್ಲೋ ಪ್ಲಗ್ ತೆಗೆದು ಆಫ್ಟರ್ ರನ್ ಆಯಿಲ್ ಕೆಲವು ಹನಿ ಬಿಟ್ಟು, ಫ್ಲೈವೀಲ್ ತಿರುಗಿಸಿ ಹರಡಬೇಕು. ಕೊನೆಗೆ ಪಿಸ್ಟನ್ನನ್ನು ಕೆಳತುದಿಗೆ ತಂದು ನಿಲ್ಲಿಸಬೇಕು. ಮೇಲೆ ಬಿಗಿಯಲ್ಲಿ ಬಿಟ್ಟರೆ ಮುಂದಿನ ಸಲ ಪುಲ್ ಸ್ಟಾರ್ಟ್ ಹಗ್ಗವೇ ಕಿತ್ತು ಬರುತ್ತದೆ. ನಾವು ಫ್ಲೈವೀಲ್ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದಿಟ್ಟಿದ್ದೇವೆ, ಗೆರೆ ಕೆಳಗೆ ಬಂದರೆ ಪಿಸ್ಟನ್ ಕೆಳಗಿದೆ ಎಂದರ್ಥ. ಇದನ್ನು ಮಾಡದವರ ಎಂಜಿನ್ ಬೇರಿಂಗ್‌ಗಳು ನಮ್ಮ ಹವೆಯಲ್ಲಿ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದರೆ ಕಾರನ್ನು ಬೈದು ಪ್ರಯೋಜನವಿಲ್ಲ.

ಬಿಜೈ ನಿವಾಸಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಪುತ್ತೂರಿನವರ ಬರಹ ಓದಿ ಮನಸ್ಸು ಮತ್ತೆ ನೈಟ್ರೋ ಕಡೆಗೆ ಹೋಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಭಾನುವಾರ ಡ್ರಿಲ್ಲಿಂಗ್ ಮಾಡಿದರೂ ಸಂಘದ ವಾಟ್ಸಾಪ್ ಗುಂಪಿನಲ್ಲಿ ಬೊಬ್ಬೆ ಏಳುತ್ತದೆ. ಪಾರ್ಕಿಂಗ್ ಜಾಗದಲ್ಲಿ ನೈಟ್ರೋ ಎಂಜಿನ್ ಹದಗೊಳಿಸುವುದು ಕನಸಿನ ಮಾತು. ಇಂಧನವನ್ನು ಫ್ಲ್ಯಾಟಿನಲ್ಲಿ ಇಡಬಹುದೇ? ಹಾಗೆಯೇ ಎಲೆಕ್ಟ್ರಿಕ್ ಕಾರಿನ ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿಗೆ ಬೆಂಕಿ ಹತ್ತಿಕೊಳ್ಳುತ್ತದೆ ಎಂಬ ಭಯ ಪತ್ನಿಗೆ. ಅದರಲ್ಲಿ ಎಷ್ಟು ಹುರುಳಿದೆ?

ಪುತ್ತೂರು ತೋಟ

ಫ್ಲ್ಯಾಟಿನಲ್ಲಿ ಇಡಬೇಡಿ ಎಂದು ನೈಟ್ರೋ ಪಕ್ಷದವನಾದ ನಾನೇ ಹೇಳುತ್ತೇನೆ. ಮೆಥನಾಲ್ ವಿಷ. ಹತ್ತು ಮಿಲಿಲೀಟರ್‌ನಷ್ಟು ಹೊಟ್ಟೆಗೆ ಹೋದರೂ ಕಣ್ಣು ಶಾಶ್ವತವಾಗಿ ಹೋಗಬಹುದು, ಚರ್ಮದ ಮೂಲಕವೂ ದೇಹ ಸೇರುತ್ತದೆ, ಮತ್ತು ಅದರ ಜ್ವಾಲೆ ಹಗಲು ಬೆಳಕಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಬಣ್ಣ ಹಾಕಿದ ಇಂಧನವನ್ನು ಮಕ್ಕಳು ಶರಬತ್ತೆಂದು ತಿಳಿಯುವ ಸಾಧ್ಯತೆ ಇಲ್ಲದಿಲ್ಲ. ನಾವು ಇಡುವುದು ಮನೆಯಿಂದ ದೂರದ ಗೊಬ್ಬರದ ಕೊಟ್ಟಿಗೆಯಲ್ಲಿ, ಬೀಗ ಹಾಕಿ. ತರಿಸುವುದೂ ತಲೆನೋವೇ: ವಿಮಾನದಲ್ಲಿ ಒಯ್ಯುವಂತಿಲ್ಲ, ರೈಲಿನಲ್ಲಿ ಒಯ್ಯುವುದು ಅಪರಾಧ, ಸಾಮಾನ್ಯ ಕೊರಿಯರ್‌ನವರು ಮುಟ್ಟುವುದಿಲ್ಲ.

ಸುರತ್ಕಲ್ ಅಕ್ಕ

ಲೈಪೋ ಬಗ್ಗೆ ನಿಮ್ಮ ಪತ್ನಿಯವರ ಭಯ ಸುಳ್ಳಲ್ಲ, ಆದರೆ ಅದನ್ನು ಶಿಸ್ತಿನಿಂದ ಹತೋಟಿಯಲ್ಲಿಡಬಹುದು. ಎರಡು ಸೆಲ್‌ನ ಪ್ಯಾಕ್ 7.4 ವೋಲ್ಟಿನದ್ದು, ಪೂರ್ತಿ ತುಂಬಿದಾಗ 8.4 ವೋಲ್ಟ್, ಅದರ ಮೇಲೆ ಒಂದಿಷ್ಟೂ ಹೋಗಬಾರದು. ಪ್ರತಿ ಸೆಲ್ 3 ವೋಲ್ಟಿಗಿಂತ ಕೆಳಗಿಳಿದರೆ ಅದಕ್ಕೆ ಹಾನಿ. ಆದ್ದರಿಂದ ಇಎಸ್‌ಸಿಯಲ್ಲಿ ಲೈಪೋ ಕಟ್‌ಆಫ್ ಚಾಲೂ ಇದೆಯೇ ಎಂದು ಮೊದಲ ದಿನವೇ ನೋಡಿಕೊಳ್ಳಬೇಕು. ಸೆಲ್‌ಗಳನ್ನು ಒಂದೊಂದಾಗಿ ಗಮನಿಸುವ ಬ್ಯಾಲೆನ್ಸ್ ಚಾರ್ಜರ್ ಬಿಟ್ಟು ಬೇರೆ ಯಾವುದನ್ನೂ ಬಳಸಬಾರದು. 5000 ಎಂಎಎಚ್ ಪ್ಯಾಕನ್ನು 5 ಆಂಪಿಯರ್‌ನಲ್ಲಿ ಚಾರ್ಜ್ ಮಾಡಿದರೆ ಸುಮಾರು ಒಂದು ಗಂಟೆ ಹಿಡಿಯುತ್ತದೆ, ಅಷ್ಟು ಹೊತ್ತು ಯಾರಾದರೂ ಎಚ್ಚರವಾಗಿ ಅದೇ ಕೋಣೆಯಲ್ಲಿರಬೇಕು. ನಾವು ಬಾಲ್ಕನಿಯ ಗ್ರಾನೈಟ್ ಮೇಲೆ, ಲೈಪೋ ಚೀಲದೊಳಗಿಟ್ಟು ಚಾರ್ಜ್ ಮಾಡುತ್ತೇವೆ. ಊದಿಕೊಂಡ ಪ್ಯಾಕನ್ನು ಇನ್ನೊಂದು ಸಲ ಬಳಸೋಣ ಎಂಬ ಆಸೆಯೇ ಬೇಡ. ಮಳೆಗಾಲಕ್ಕೆ ಎತ್ತಿಡುವಾಗ ಪ್ರತಿ ಸೆಲ್ 3.8 ವೋಲ್ಟಿನಲ್ಲಿರಲಿ, ಚಾರ್ಜರ್‌ನಲ್ಲಿ ಸ್ಟೋರೇಜ್ ಎಂಬ ಆಯ್ಕೆ ಇರುತ್ತದೆ.

ಇದೂ ಬೇಡವೆನಿಸಿದರೆ ನಿಕಲ್ ಮೆಟಲ್ ಹೈಡ್ರೈಡ್ ಪ್ಯಾಕ್ ಇದೆ. ಆರು ಸೆಲ್, 7.2 ವೋಲ್ಟ್. ತೂಕ ಹೆಚ್ಚು, ಜೋರು ಕಡಿಮೆ, ಆದರೆ ಇಷ್ಟೊಂದು ಕಾವಲು ಕೇಳುವುದಿಲ್ಲ. ಮೊದಲ ವರ್ಷಕ್ಕೆ ಸಾಕು.

ಹಂಪನಕಟ್ಟೆ ಲೆಕ್ಕ

ಖರ್ಚಿನ ಮಾತು ಬರಲಿಲ್ಲವಾದ್ದರಿಂದ ಒಂದು ಲೆಕ್ಕ. ನೈಟ್ರೋ ಇಂಧನದ ದೊಡ್ಡ ಬಾಟಲಿ ಒಂದು ಗ್ಯಾಲನ್, ಎಂದರೆ ಸುಮಾರು 3.8 ಲೀಟರ್. ಹತ್ತನೆಯ ಒಂದು ಅಳತೆಯ ಕಾರಿನ 75 ಮಿಲಿಲೀಟರ್ ಟ್ಯಾಂಕನ್ನು ಅದರಿಂದ ಸುಮಾರು ಐವತ್ತು ಸಲ ತುಂಬಿಸಬಹುದು. ಟ್ಯಾಂಕಿಗೆ ಎಂಟರಿಂದ ಹತ್ತು ನಿಮಿಷ ಎಂದಿಟ್ಟುಕೊಂಡರೆ ಒಂದು ಬಾಟಲಿಯ ಆಯುಷ್ಯ ಏಳೆಂಟು ಗಂಟೆ ಓಟ. ಅತ್ತ 7.4 ವೋಲ್ಟ್, 5000 ಎಂಎಎಚ್ ಪ್ಯಾಕಿನಲ್ಲಿರುವುದು 37 ವ್ಯಾಟ್ ಅವರ್. ಚಾರ್ಜರ್‌ನ ನಷ್ಟ ಸೇರಿಸಿದರೂ ಮೆಸ್ಕಾಂನ ಒಂದು ಯೂನಿಟ್ ವಿದ್ಯುತ್ತಿನಲ್ಲಿ ಇಪ್ಪತ್ತು ಸಲ ಚಾರ್ಜ್ ಮಾಡಬಹುದು. ಓಡಿಸುವ ಖರ್ಚಿನಲ್ಲಿ ಹೋಲಿಕೆಯೇ ಇಲ್ಲ.

ಕೊಳ್ಳುವ ಬೆಲೆ ಮಾತ್ರ ಎರಡರದ್ದೂ ಕೈ ಸುಡುತ್ತದೆ. 2020ರ ಬಜೆಟ್‌ನಲ್ಲಿ ಆಟಿಕೆಗಳ ಆಮದು ಸುಂಕವನ್ನು ಶೇ 20ರಿಂದ ಶೇ 60ಕ್ಕೆ ಏರಿಸಿದ ಮೇಲೆ ಹೊರದೇಶದ ಬೆಲೆ ನೋಡಿ ಬಜೆಟ್ ಹಾಕುವ ಕಾಲ ಮುಗಿಯಿತು. ಆದ್ದರಿಂದ ಬಿಡಿಭಾಗ ದೇಶದೊಳಗೇ ದಾಸ್ತಾನಿರುವ ಮಾದರಿಯನ್ನು ಆರಿಸಿಕೊಳ್ಳುವುದು ಜಾಣತನ.

ಪುತ್ತೂರು ತೋಟ

ಲೆಕ್ಕ ಸರಿಯಿದೆ, ಆದರೆ ಪೂರ್ತಿಯಿಲ್ಲ. ಲೈಪೋ ಪ್ಯಾಕ್ ವರ್ಷ ಎರಡು ವರ್ಷಕ್ಕೆ ಸೋಲುತ್ತದೆ, ಇಡೀ ಸಂಜೆ ಓಡಿಸಬೇಕಾದರೆ ಎರಡು ಮೂರು ಪ್ಯಾಕ್ ಬೇಕು, ಒಳ್ಳೆಯ ಚಾರ್ಜರ್ ಬೇರೆ. ನೈಟ್ರೋ ಕಾರಿಗೆ ಇಂಧನ ತುಂಬಿಸಲು ಹತ್ತು ಸೆಕೆಂಡು ಸಾಕು, ಗದ್ದೆಯ ನಡುವೆ ಪ್ಲಗ್ ಪಾಯಿಂಟ್ ಹುಡುಕಬೇಕಾಗಿಲ್ಲ. ಮೆಸ್ಕಾಂ ಯೂನಿಟ್ ಅಗ್ಗವೇ, ಆದರೆ ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದ ದಿನ ಅದೂ ಇಲ್ಲ ಮಾರಾಯ್ರೆ.

ಮಣಿಪಾಲ ಗ್ಯಾರೇಜ್

ಗಾಳಿಮಳೆಯ ದಿನ ನೈಟ್ರೋ ಓಡಿಸುವವರನ್ನೂ ನಾನು ಕಂಡಿಲ್ಲ! ಇರಲಿ. ಬಿಜೈಯವರಿಗೆ ಈಗ ಎಲೆಕ್ಟ್ರಿಕ್ ಎಂಬುದು ಬಹುಮಟ್ಟಿಗೆ ಸ್ಪಷ್ಟವಾಗಿದೆ ಎಂದುಕೊಂಡು ಮುಂದಿನ ಪ್ರಶ್ನೆಗೆ ಬರುತ್ತೇನೆ, ಯಾಕೆಂದರೆ ನನ್ನ ಮಟ್ಟಿಗೆ ಅದೇ ದೊಡ್ಡ ಪ್ರಶ್ನೆ: ಯಾವ ಎಲೆಕ್ಟ್ರಿಕ್?

ಅಂಗಡಿಯವರು ಮೊದಲು ತೋರಿಸುವುದು ಬ್ರಷ್‌ಲೆಸ್ ಮೋಟಾರು, ಮೂರು ಸೆಲ್ ಬ್ಯಾಟರಿ, ಗಂಟೆಗೆ ಎಪ್ಪತ್ತು ಕಿಲೋಮೀಟರ್ ಎಂಬ ಅಂಕಿ. ಎರಡೂವರೆ ಕಿಲೋ ತೂಕದ ಕಾರು ಗಂಟೆಗೆ 50 ಕಿಲೋಮೀಟರ್‌ನಲ್ಲಿ ಓಡುವಾಗ ಅದರ ಚಲನಶಕ್ತಿ ಸುಮಾರು 240 ಜೂಲ್. 25ಕ್ಕೆ ಇಳಿಸಿದರೆ 60 ಜೂಲ್. ವೇಗ ಅರ್ಧವಾದರೆ ಪೆಟ್ಟು ಕಾಲುಭಾಗ. ಅಲ್ಲದೆ 50ರ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 14 ಮೀಟರ್ ಹೋಗುತ್ತದೆ. ಮಗು ಕಂಡು, ಯೋಚಿಸಿ, ಬೆರಳು ಸಡಿಲಿಸುವ ಅರ್ಧ ಸೆಕೆಂಡಿನಲ್ಲಿ 7 ಮೀಟರ್ ಮುಗಿದಿರುತ್ತದೆ. ಅಂಗಳದ ತುದಿಯಲ್ಲಿ ಅಜ್ಜಿ ಕೂತಿರುತ್ತಾರೆ ಎಂಬುದು ನೆನಪಿರಲಿ. ಆದ್ದರಿಂದ ಬ್ರಷ್ ಮೋಟಾರಿನ, ಚಕ್ರಗಳನ್ನು ಬಾಡಿ ಮುಚ್ಚಿರುವ ಷಾರ್ಟ್ ಕೋರ್ಸ್ ಟ್ರಕ್ ನನ್ನ ಮೊದಲ ಸಲಹೆ. ಟ್ರಾಕ್ಸಾಸ್‌ನ ಸ್ಲ್ಯಾಷ್ 2008ರಲ್ಲಿ ಬಂದಾಗಿನಿಂದ ಆ ಬಗೆ ಜನಪ್ರಿಯ. ಅದರ ಇಎಸ್‌ಸಿಯಲ್ಲಿ ಟ್ರೇನಿಂಗ್ ಮೋಡ್ ಎಂದಿದೆ, ಶಕ್ತಿಯನ್ನು ಅರ್ಧಕ್ಕೆ ಇಳಿಸುತ್ತದೆ. ಮಗನ ಸರದಿಯಲ್ಲಿ ಅದನ್ನು ಹಾಕಿಡಿ. ಬೇರೆ ಕಂಪನಿಯದ್ದಾದರೆ ರಿಮೋಟ್‌ನಲ್ಲೇ ಥ್ರಾಟಲ್ ಮಿತಿಗೊಳಿಸುವ ಗುಂಡಿ ಇದೆಯೇ ಎಂದು ಕೇಳಿ. ಮೊದಲ ದಿನವೇ ಚಕ್ರಗಳನ್ನು ನೆಲದಿಂದ ಎತ್ತಿಟ್ಟು, ರಿಮೋಟ್ ಆಫ್ ಮಾಡಿ, ಫೇಲ್‌ಸೇಫ್ ಮೋಟಾರನ್ನು ನಿಲ್ಲಿಸುತ್ತದೆಯೇ ಎಂದು ಪರೀಕ್ಷಿಸಿ.

ಜಾಗದ ಬಗ್ಗೆ: ನೆಹರೂ ಮೈದಾನದಲ್ಲಿ ಕ್ರಿಕೆಟ್ ಆಡುವವರಿರುವಾಗ ಬೇಡ. ನಿಮಗೆ ಒಳ್ಳೆಯದು ಕಾರ್ಕಳದ ಗದ್ದೆ. ಏಣೆಲು (ಮುಂಗಾರು) ಬೆಳೆ ಕೊಯ್ದು ನೆಲ ಒಣಗಿದ ಮೇಲೆ ಅದಕ್ಕಿಂತ ಒಳ್ಳೆಯ ಟ್ರ್ಯಾಕ್ ಇಲ್ಲ. ಬದುವಿನ ಮೇಲಿಂದ ಹಾರಿಸಬಹುದು, ಬಿದ್ದರೆ ಪೆಟ್ಟಾಗದು. ಮುರಕಲ್ಲಿನ ಗುಡ್ಡೆಯ ಕೆಂಪು ಧೂಳು ಮಾತ್ರ ಎಲ್ಲ ಸಂದುಗಳಿಗೂ ನುಗ್ಗುತ್ತದೆ, ಪಿನಿಯನ್ ಮತ್ತು ಸ್ಪರ್ ಗೇರ್ ಮೇಲಿನ ಮುಚ್ಚಳ ಮರೆಯದೆ ಹಾಕಿ.

ಸುರತ್ಕಲ್ ಅಕ್ಕ

ಮಗಳ ವಿಷಯ ಇನ್ನೂ ಬಾಕಿ ಇದೆ. ಅವಳಿಗೆ ಬೇಕಾದದ್ದು ಸಿದ್ಧ ಟ್ರಕ್ ಅಲ್ಲ, ಕಿಟ್. ಜಪಾನಿನ ಟಾಮಿಯಾದವರು 1976ರಿಂದ ಆರ್‌ಸಿ ಕಾರುಗಳನ್ನು ಮಾಡುತ್ತಿದ್ದಾರೆ. ಅವರ ಹೆಚ್ಚಿನ ಮಾದರಿಗಳು ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಬರುತ್ತವೆ, ಚಿತ್ರಗಳಿರುವ ಕೈಪಿಡಿ ನೋಡಿ ಮಕ್ಕಳೂ ಜೋಡಿಸಬಹುದು. ಷಾಕ್‌ನೊಳಗೆ ಎಣ್ಣೆ ತುಂಬುವುದು, ಡಿಫರೆನ್ಷಿಯಲ್‌ನ ಗೇರ್‌ಗಳಿಗೆ ಗ್ರೀಸ್ ಹಚ್ಚುವುದು ಎಲ್ಲವೂ ಅವಳದೇ ಕೆಲಸ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಓಡಿಸುವ ಮಾತೇ ಇಲ್ಲ. ಹವ್ಯಾಸ ಸಾಯುವುದೂ ಆ ನಾಲ್ಕು ತಿಂಗಳಲ್ಲೇ, ಕಾರು ಕಪಾಟು ಸೇರಿತೆಂದರೆ ಮತ್ತೆ ಹೊರಬರುವುದಿಲ್ಲ. ಕಿಟ್ಟನ್ನು ಆ ತಿಂಗಳುಗಳಿಗೆಂದೇ ತೆಗೆದಿಡಿ. ಮಗನಿಗೆ ಬೇಸರವಾಗದಿರಲು ಇಪ್ಪತ್ತನಾಲ್ಕನೆಯ ಒಂದು ಅಳತೆಯ ಪುಟ್ಟ ಕ್ರಾಲರ್ ಒಂದಿದ್ದರೆ ದಿಂಬು, ಪುಸ್ತಕಗಳ ರಾಶಿ ಎಲ್ಲವೂ ಬೆಟ್ಟವಾಗುತ್ತವೆ. ನಡೆಯುವಷ್ಟೇ ವೇಗ, ಕೆಳಗಿನ ಮನೆಯವರಿಗೂ ಉಪದ್ರವಿಲ್ಲ.

ಬಿಜೈ ನಿವಾಸಿ

ಮನೆಯಲ್ಲಿ ಎಲ್ಲರೂ ಕೂತು ಈ ಚರ್ಚೆಯನ್ನು ಓದಿದೆವು. ಬ್ರಷ್ ಮೋಟಾರಿನ ಷಾರ್ಟ್ ಕೋರ್ಸ್ ಟ್ರಕ್ ಒಂದನ್ನು ಈಗ, ಟಾಮಿಯಾ ಕಿಟ್ ಒಂದನ್ನು ಮಳೆಗಾಲಕ್ಕೆ ಎಂದು ತೀರ್ಮಾನವಾಯಿತು. ಬ್ಯಾಟರಿ ಸದ್ಯಕ್ಕೆ ನಿಕಲ್ ಮೆಟಲ್ ಹೈಡ್ರೈಡ್. ನೈಟ್ರೋ ಆಸೆ ನನ್ನೊಳಗೆ ಹಾಗೆಯೇ ಇದೆ. ಪುತ್ತೂರಿನವರು ಅನುಮತಿಸಿದರೆ ಒಂದು ಭಾನುವಾರ ಬಂದು ಪಿಟ್‌ನಲ್ಲಿ ನಿಂತು ಇಂಧನ ತುಂಬಿಸುವ ಕೆಲಸವನ್ನಾದರೂ ಮಾಡುತ್ತೇನೆ. ಕಿಟ್‌ಗೆ ವಿಶೇಷ ಉಪಕರಣಗಳೇನಾದರೂ ಬೇಕೇ?

ಪುತ್ತೂರು ತೋಟ

ಧಾರಾಳವಾಗಿ ಬನ್ನಿ, ಮಕ್ಕಳನ್ನೂ ಕರೆತನ್ನಿ. ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ, ಸೈಲೆನ್ಸರ್‌ನಿಂದ ಹಾರುವ ಎಣ್ಣೆಯ ಕಲೆ ಸುಲಭಕ್ಕೆ ಹೋಗುವುದಿಲ್ಲ.

ಮಣಿಪಾಲ ಗ್ಯಾರೇಜ್

ಟಾಮಿಯಾದ ಸ್ಕ್ರೂಗಳು ಜಪಾನಿನ ಜೆಐಎಸ್ ಮಾದರಿಯವು. ನಮ್ಮ ಹಾರ್ಡ್‌ವೇರ್ ಅಂಗಡಿಯ ಸ್ಟಾರ್ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಕೂರುವುದಿಲ್ಲ, ಜಾರಿ ತಲೆಯನ್ನು ಸವೆಸುತ್ತದೆ. ಜೆಐಎಸ್ ಡ್ರೈವರ್ ಒಂದನ್ನು ಕಿಟ್ ಜೊತೆಗೇ ತರಿಸಿ. ರಿಮೋಟ್, ರಿಸೀವರ್, ಸರ್ವೋ, ಬ್ಯಾಟರಿ, ಚಾರ್ಜರ್ ಕಿಟ್ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ; ಟ್ರಕ್‌ನ ಬ್ಯಾಟರಿಯೇ ಇದಕ್ಕೂ ಆಗಬೇಕಾದರೆ ಪ್ಲಗ್ ಒಂದೇ ಬಗೆಯದ್ದೋ ಎಂದು ಮೊದಲೇ ನೋಡಿಕೊಳ್ಳಿ. ಇನ್ನು ಬಾಡಿ ಪಾರದರ್ಶಕ ಪಾಲಿಕಾರ್ಬನೇಟ್‌ನದ್ದಾಗಿದ್ದರೆ ಅದಕ್ಕೆಂದೇ ಮಾಡಿದ ಸ್ಪ್ರೇ ಬಣ್ಣವನ್ನು ಒಳಗಿನಿಂದ ಹೊಡೆಯಬೇಕು. ತೇವ ತುಂಬಿದ ಗಾಳಿಯಲ್ಲಿ ಸ್ಪ್ರೇ ಬಣ್ಣ ಬೆಳ್ಳಗೆ ಮಬ್ಬಾಗುತ್ತದೆ. ಆದ್ದರಿಂದ ಜೋಡಣೆಯನ್ನು ಮಳೆಗಾಲಕ್ಕೆ ಇಟ್ಟುಕೊಂಡರೂ ಬಣ್ಣದ ಕೆಲಸವನ್ನು ಮೇ ಮೊದಲ ವಾರದೊಳಗೇ, ಬಿಸಿಲಿರುವ ದಿನ ನೋಡಿ ಮುಗಿಸಿಬಿಡಿ.